ಹದಿನೆಂಟು ನಿಮಿಷದ ಲಾಗಿನ್

ಯಾದಗಿರಿಯ ಒಂದು ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ನಾನು. ಗುತ್ತಿಗೆಯ ಕೆಲಸ. ಕಚೇರಿಯ ಹೆಸರು ಬೇಡ. ಜನ ಅರ್ಜಿ ಕೊಟ್ಟು ಪ್ರಮಾಣಪತ್ರ ತೆಗೆದುಕೊಂಡು ಹೋಗುವ ಕಚೇರಿಗಳಲ್ಲಿ ಅದೂ ಒಂದು ಎಂದರೆ ಸಾಕು. ಶಹಾಪುರ, ಸುರಪುರ, ಗುರುಮಠಕಲ್‌ಗಳಲ್ಲಿ ಅದರ ಶಾಖೆಗಳಿವೆ. ಶಾಖೆಗಳ ಕಂಪ್ಯೂಟರುಗಳೆಲ್ಲ ಯಾದಗಿರಿಯ ಸರ್ವರ್‌ಗೆ ಜೋಡಿಕೊಂಡಿವೆ. ಬೆಳಿಗ್ಗೆ ಯಾವ ಊರಿನಲ್ಲಿ ಯಾರು ಪಾಸ್‌ವರ್ಡ್ ಒತ್ತಿದರೂ ಅದು ನನ್ನ ಕುರ್ಚಿಯ ಹಿಂದಿನ ತಣ್ಣನೆಯ ಕೋಣೆಗೆ ಬಂದು, ಒಪ್ಪಿಗೆ ಪಡೆದುಕೊಂಡೇ ಹಿಂದಿರುಗಬೇಕು.

ಶಾಖೆಗಳಿಂದ ಫೋನ್ ಬರುತ್ತಿದ್ದವು. "ಮೇಡಂ, ಕಂಪ್ಯೂಟರ್ ತೆರೀವಲ್ದು. ಬಟನ್ ಒತ್ತಿ ಅರ್ಧ ತಾಸ ಆತು." ನಾನು ಯಾವಾಗಲೂ ಒಂದೇ ಮಾತು ಹೇಳುತ್ತಿದ್ದೆ: "ಲೈನ್ ಸ್ಲೋ ಅದರಿ. ಜರಾ ತಡೀರಿ, ತೆರೀತದ." ಸ್ವಲ್ಪ ಹೊತ್ತಿಗೆ ತೆರೆದೇ ತೆರೆಯುತ್ತಿತ್ತು. ಆದ್ದರಿಂದ ನಾನು ಹೇಳಿದ್ದು ಸುಳ್ಳೆಂದು ನನಗೂ ಅನ್ನಿಸಲಿಲ್ಲ, ಅವರಿಗೂ ಅನ್ನಿಸಲಿಲ್ಲ. ಎರಡು ವರ್ಷ ಹೀಗೆಯೇ ನಡೆಯಿತು. ಆ ಎರಡು ವರ್ಷಗಳಲ್ಲಿ ನಾನು ಒಂದು ಶಾಖೆಗೂ ಹೋಗಿ ನೋಡಿರಲಿಲ್ಲ. ಯಾದಗಿರಿಯ ನಮ್ಮ ಕಚೇರಿಯಲ್ಲಿ ಎಲ್ಲರ ಕಂಪ್ಯೂಟರೂ ಒಂದು ನಿಮಿಷದೊಳಗೆ ತೆರೆಯುತ್ತಿದ್ದುದರಿಂದ ಹೋಗಬೇಕೆಂದು ತೋಚಿರಲೂ ಇಲ್ಲ.

ಆ ವರ್ಷ ಮಾರ್ಚ್ ತಿಂಗಳಲ್ಲಿ ನಮ್ಮ ಸಾಹೇಬರು ನನ್ನನ್ನು ಕರೆದರು. ತಾಲೂಕುಗಳಲ್ಲಿ ಜನರಿಗೆ ಕಾಗದಪತ್ರ ತಡವಾಗುತ್ತಿದೆ ಎಂದು ಮೇಲಿನಿಂದ ದೂರು ಬಂದಿತ್ತು.

"ಮುಂಜಾನಿ ಕಂಪ್ಯೂಟರ್ ತೆರ್ಯಾಕs ಹೊತ್ತು ಹೋಗ್ತದಂತ ಬರ್ದಾರ," ಎಂದರು. "ನೀವ ಹೋಗಿ ನೋಡ್ಕೊಂಡ ಬರ್ರಿ. ಫೋನಿನ್ಯಾಗ ಆಗೂದಲ್ಲ ಇದು."

ಮರುದಿನ ಶಹಾಪುರದ ಬಸ್ಸು ಹತ್ತಿದೆ. ಮಾರ್ಚಿನಲ್ಲೇ ಬಿಸಿಲು ಕಣ್ಣು ಬಿಡಗೊಡುತ್ತಿರಲಿಲ್ಲ. ಕಾಲುವೆಯ ನೀರು ಹೋಗುವ ಕಡೆ ಭತ್ತ ಹಸಿರಾಗಿ ನಿಂತಿತ್ತು. ಚೀಲದಲ್ಲಿ ಲ್ಯಾಪ್‌ಟಾಪು, ವೈರು ಪರೀಕ್ಷಿಸುವ ಉಪಕರಣ, ಎರಡು ಹೊಸ ಕೇಬಲ್ಲು. ಲೈನಿನ ದೋಷ ಹಿಡಿದು, ಕಂಪನಿಗೆ ಒಂದು ಪತ್ರ ಬರೆದು ಮುಗಿಸಿದರಾಯಿತು ಎಂದುಕೊಂಡಿದ್ದೆ.

ಶಹಾಪುರದ ಶಾಖೆಗೆ ಕಾಲಿಟ್ಟಾಗ ಒಂಬತ್ತೂವರೆ. ಕುರ್ಚಿಗಳೆಲ್ಲ ಖಾಲಿ, ಕಂಪ್ಯೂಟರುಗಳೆಲ್ಲ ಚಾಲೂ. ಐವತ್ತು ದಾಟಿದ ಜವಾನರೊಬ್ಬರು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತ, ಗೋಡೆಯ ಕ್ಯಾಲೆಂಡರು ಎತ್ತಿ ನೋಡುತ್ತ, ಒಂದೇ ಬೆರಳಿನಿಂದ ಏನೋ ಒತ್ತುತ್ತಿದ್ದರು. ಹತ್ತಿರ ಹೋಗಿ ನೋಡಿದೆ. ಕ್ಯಾಲೆಂಡರಿನ ಹಿಂದೆ ಒಂದು ರಟ್ಟು. ಅದರ ಮೇಲೆ ಶಾಖೆಯ ಅಷ್ಟೂ ಜನರ ಪಾಸ್‌ವರ್ಡು, ದಪ್ಪ ಅಕ್ಷರದಲ್ಲಿ.

ಪಾಸ್‌ವರ್ಡು ಯಾರಿಗೂ ಹೇಳಕೂಡದು, ಸಂಜೆ ಕಂಪ್ಯೂಟರ್ ಆರಿಸಿಯೇ ಹೋಗಬೇಕು ಎಂದು ಸುತ್ತೋಲೆ ಬರೆದುಕೊಟ್ಟವಳೇ ನಾನು. ಸಾಹೇಬರು ಸಹಿ ಹಾಕಿದ್ದರು ಅಷ್ಟೆ.

"ಇದೇನ್ರಿ ಇದು? ಎಲ್ಲಾರ್ದೂ ನೀವ ತೆರೀತೀರೇನು?"

"ಹೌದ್ರಿ ಅಕ್ಕಾರ. ನಾ ಒಂಬತ್ತಕ್ಕ ಬಂದು ತೆರೆದಿಡ್ಲಿಲ್ಲಂದ್ರ ಇಲ್ಲಿಯ ಸಾಹೇಬ್ರಿಗೆ ಹತ್ತಕ್ಕ ಹಾಜರಿ ಬೀಳೂದಿಲ್ಲ." ಅವರ ಮುಖದಲ್ಲಿ ಅಂಜಿಕೆಯೇ ಇರಲಿಲ್ಲ. ಕಸ ಗುಡಿಸಿ ನೀರು ತುಂಬಿಡುವ ಹಾಗೆ ಇದೂ ಅವರಿಗೆ ದಿನದ ಕೆಲಸವಾಗಿಹೋಗಿತ್ತು.

ಹಾಜರಿಯ ವಿಷಯ ಹೇಳಬೇಕು. ನಮ್ಮಲ್ಲಿ ಲಾಗಿನ್ ಮುಗಿದು ಪರದೆ ತೆರೆದ ಮೇಲಷ್ಟೇ ಹಾಜರಿಯ ಕಿಟಕಿ ಕಾಣಿಸುತ್ತದೆ. ಅಲ್ಲಿ ಒತ್ತಿದ ಹೊತ್ತೇ ಕಚೇರಿಗೆ ಬಂದ ಹೊತ್ತು. ಮನುಷ್ಯ ಕುರ್ಚಿಯಲ್ಲಿ ಕೂತು ಎಷ್ಟು ಹೊತ್ತಾಯಿತು ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ.

ಹನ್ನೊಂದರ ಸುಮಾರಿಗೆ ಕರೆಂಟು ಹೋಗಿ ಬಂತು. ಬಂದೊಡನೆ ಎದುರಿನ ಚಾದಂಗಡಿಯವರು ಯಾರೂ ಕರೆಯದಿದ್ದರೂ ಕೆಟಲು ಹಿಡಿದು ಒಳಗೆ ಬಂದರು. ಸಿಬ್ಬಂದಿಯೆಲ್ಲ ಪಾಸ್‌ವರ್ಡು ಒತ್ತಿ ಕುರ್ಚಿ ಹಿಂದಕ್ಕೆ ಸರಿಸಿದರು.

"ಇದು ಲಾಗಿನ್ ಚಾ, ಮೇಡಂ," ಎಂದು ಒಬ್ಬರು ನಕ್ಕರು. "ಕುಡದು, ಹೊರಗ ಹೋಗಿ ಬರೂದ್ರಾಗ ತೆರೀತದ."

ಬಾಗಿಲ ಬಳಿ ಭೀಮಾ ದಂಡೆಯ ಹಳ್ಳಿಯಿಂದ ಬಂದಿದ್ದ ಮುದುಕಿಯೊಬ್ಬರು ನೆಲದ ಮೇಲೆ ಕುಳಿತಿದ್ದರು. ಮೊಮ್ಮಗಳ ಶಾಲೆಗೆ ಬೇಕಾದ ಕಾಗದವೊಂದು ಅವರಿಗೆ ಆಗಬೇಕಿತ್ತು. "ಅದು ತೆರ್ಯೂದ್ರಾಗ ನಮ್ಮ ಬಸ್ ಹೋಗ್ತದವ್ವ," ಎಂದರು ನನ್ನನ್ನು ನೋಡಿ. "ಹೋದ ವಾರನೂ ಹಂಗs ಆತು." ಯಾರೂ ತಿರುಗಿ ನೋಡಲಿಲ್ಲ. ನಾನು ನೋಡಿದೆ. ನೋಡಿ, ಚೀಲದಿಂದ ಉಪಕರಣ ಹೊರಗೆ ತೆಗೆದೆ.

ನಾನು ಲೈನು ಪರೀಕ್ಷಿಸಿದೆ. ಚೆನ್ನಾಗಿತ್ತು. ನಂಬಿಕೆ ಬರದೆ ಇನ್ನೊಮ್ಮೆ ಪರೀಕ್ಷಿಸಿದೆ, ಕೇಬಲ್ ಬದಲಿಸಿ ಮತ್ತೊಮ್ಮೆ ಪರೀಕ್ಷಿಸಿದೆ. ಯಾದಗಿರಿಯ ಸರ್ವರ್ ಕರೆದ ಕೂಡಲೇ ಓಗೊಡುತ್ತಿತ್ತು. ಎರಡು ವರ್ಷ ಫೋನಿನಲ್ಲಿ ಲೈನು, ಲೈನು ಎಂದಿದ್ದೆನಲ್ಲ, ಆ ಲೈನಿಗೆ ಏನೂ ಆಗಿರಲೇ ಇಲ್ಲ. ಕೈಯಲ್ಲಿದ್ದ ಉಪಕರಣದ ಹಸಿರು ದೀಪವನ್ನೇ ನೋಡುತ್ತ ನಿಂತುಬಿಟ್ಟೆ. ಕೊನೆಗೆ, ಯಂತ್ರಗಳು ಹಳೆಯವು, ಅದೇ ಕಾರಣವಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮರುದಿನ ಮೊದಲ ಬಸ್ಸಿಗೆ ಹೊರಟು ಸುರಪುರ ಮುಟ್ಟಿದೆ. ಶಾಖೆಯ ಬಾಗಿಲಿಗೆ ಇನ್ನೂ ಬೀಗ. ಕಟ್ಟೆಯ ಮೇಲೆ ಒಬ್ಬ ಹೆಂಗಸು ಕೂತಿದ್ದರು. ಹತ್ತಿಯ ಸೀರೆ, ಮಡಿಲಲ್ಲಿ ಊಟದ ಡಬ್ಬಿ, ಕೈಯಲ್ಲೊಂದು ಶಾಲೆ ಮಕ್ಕಳ ನೋಟ್‌ಬುಕ್ಕು. ಅವರು ಆ ಶಾಖೆಯ ಹಿರಿಯ ಗುಮಾಸ್ತೆ. ಮನೆ ಅಲ್ಲೇ ರಂಗಂಪೇಟೆಯಲ್ಲಿ. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ನಾನು ಯಾದಗಿರಿಯಿಂದ ಬಂದವಳೆಂದು ತಿಳಿದಾಗ ಎದ್ದು ನಿಂತರು.

"ಅಂತೂ ಯಾರೋ ಬಂದ್ರಿ," ಎಂದರು. "ಬರ್ರಿ, ಕುಂದರ್ರಿ. ಕೀಲಿ ಹತ್ತಕ್ಕ ಹತ್ತು ನಿಮಿಷ ಕಮ್ಮಿ ಇದ್ದಾಗ ಬರ್ತದ."

ಹಾಗೆಯೇ ಬಂತು. ಅವರು ಸರಸರನೆ ಒಳಹೋಗಿ ಬಟನ್ ಒತ್ತಿ, ಹೆಸರು, ಪಾಸ್‌ವರ್ಡು ಹಾಕಿ, ಗೋಡೆಯ ಗಡಿಯಾರ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಆಮೇಲೆ ಕೈಕಟ್ಟಿ ಕುಳಿತರು. ಪರದೆಯ ಮೇಲೆ ಒಂದು ಬಿಳಿಯ ಚಕ್ರ ಸುತ್ತುತ್ತಿತ್ತು. ಹತ್ತು ಗಂಟೆ ಹೊಡೆಯಿತು. ಉಳಿದ ಸಿಬ್ಬಂದಿ ಒಬ್ಬೊಬ್ಬರಾಗಿ ಬಂದರು. ಅವರ ಮಾನಿಟರುಗಳ ಮೇಲೆ ಟವೆಲು ಹೊದಿಸಿತ್ತು. ಟವೆಲು ತೆಗೆದು ಹಾಜರಿ ಒತ್ತಿದರು. ರಾತ್ರಿಯೆಲ್ಲ ಆರಿಸದೆ ಹಾಗೇ ಬಿಟ್ಟ ಯಂತ್ರಗಳು ಅವು. ಈ ಅಕ್ಕನ ಚಕ್ರ ಮಾತ್ರ ಸುತ್ತುತ್ತಲೇ ಇತ್ತು.

"ನೀವೂ ಅವ್ರಂಗ ಚಾಲೂ ಬಿಟ್ಟ ಹೋಗ್ಬಾರ್ದೇನ್ರಿ ಅಕ್ಕಾರ?" ಎಂದು ಕೇಳಿಯೇಬಿಟ್ಟೆ. ಸುತ್ತೋಲೆ ಬರೆದವಳ ಬಾಯಿಂದ ಬಂದ ಮಾತು ಅದು.

"ಆರಿಸಿ ಹೋಗ್ಬೇಕಂತ ನಿಮ್ಮವ್ರs ಕಾಗದ ಕಳ್ಸ್ಯಾರಲ್ಲ? ನಾ ಅದಕ್ಕ ಸಹಿ ಮಾಡೀನಿ." ಅವರ ದನಿಯಲ್ಲಿ ಕೊಂಕಿರಲಿಲ್ಲ. "ಸಹಿ ಮಾಡಿದ ಮ್ಯಾಲ ಹ್ಯಾಂಗ ಬಿಡ್ಲಿ?"

ಹತ್ತೂ ಹತ್ತಕ್ಕೆ ಪರದೆ ತೆರೆಯಿತು. ಅವರು ಹಾಜರಿ ಒತ್ತಿದರು. ಕೆಂಪು ಅಕ್ಷರದಲ್ಲಿ 'ತಡ' ಎಂದು ಬಂತು.

ಆಮೇಲೆ ಅವರು ಖಾನೆ ಎಳೆದು ಮೂರು ಕಾಗದ ನನ್ನ ಮುಂದಿಟ್ಟರು. ಮೂರೂ ಕಾರಣ ಕೇಳಿ ಬಂದ ನೋಟಿಸುಗಳು. ದಿನಾಲೂ ಕಚೇರಿಗೆ ತಡವಾಗಿ ಬರುವುದು, ಎಚ್ಚರಿಸಿದರೂ ತಿದ್ದಿಕೊಳ್ಳದಿರುವುದು. ಮೂವತ್ತು ವರ್ಷಕ್ಕೂ ಹೆಚ್ಚಿನ ನೌಕರಿಯಲ್ಲಿ ಅವರಿಗೆ ಬಂದ ಮೊದಲ ನೋಟಿಸುಗಳು ಅವು. ಅವರು ಉತ್ತರ ಬರೆದಿದ್ದರು: ನಾನು ಸಮಯಕ್ಕೆ ಬಂದಿರುತ್ತೇನೆ, ಕಂಪ್ಯೂಟರ್ ತಡವಾಗಿ ತೆರೆಯುತ್ತದೆ. ಆ ಉತ್ತರವನ್ನು ತಳ್ಳಿಹಾಕಿ ಬಂದ ಎರಡನೆಯ ನೋಟಿಸಿನ ಕೆಳಗೆ ಎರಡು ಸಾಲಿತ್ತು. "ತಾಂತ್ರಿಕ ವಿಭಾಗದಿಂದ ಪರಿಶೀಲಿಸಲಾಗಿದೆ. ಶಾಖೆಯ ಇತರ ಸಿಬ್ಬಂದಿಗೆ ತೊಂದರೆ ಇರುವುದಿಲ್ಲ. ಯಂತ್ರದಲ್ಲಿ ದೋಷ ಕಂಡುಬಂದಿರುವುದಿಲ್ಲ."

ತಾಂತ್ರಿಕ ವಿಭಾಗ ಎಂದರೆ ನಾನೊಬ್ಬಳೇ. ಹೋದ ದೀಪಾವಳಿಯ ಹೊತ್ತಿಗೆ ಯಾರೋ ಫೈಲು ತಂದು ಕೇಳಿದ್ದರು. ಕೂತಲ್ಲೇ ಸುರಪುರದ ಹಾಜರಿ ಪಟ್ಟಿ ತೆರೆದು, ಉಳಿದವರೆಲ್ಲ ಹತ್ತಕ್ಕೇ ಬಂದಿರುವುದನ್ನು ನೋಡಿ, ಆ ಎರಡು ಸಾಲು ಬರೆದುಕೊಟ್ಟಿದ್ದೆ. ಐದು ನಿಮಿಷವೂ ಹಿಡಿದಿರಲಿಲ್ಲ. ಯಾರ ಫೈಲು ಎಂದೂ ಓದಿರಲಿಲ್ಲ.

ಕಾಗದಗಳನ್ನು ಹಾಗೇ ಮಡಚಿ ಕೊಟ್ಟು, "ಆ ನೋಟ್‌ಬುಕ್ ನೋಡ್ಲಿರಿ?" ಎಂದೆ. ಅವರ ಮುಖ ನೋಡುವುದನ್ನು ತಪ್ಪಿಸಲು ನನಗೆ ಏನಾದರೂ ಬೇಕಾಗಿತ್ತು.

ಮೊದಲ ನೋಟಿಸು ಬಂದ ದಿನದಿಂದ ಅವರು ಬರೆಯುತ್ತ ಬಂದಿದ್ದರು. ದಿನಾಂಕ, ಬಟನ್ ಒತ್ತಿ ಪಾಸ್‌ವರ್ಡು ಹಾಕಿದ ಹೊತ್ತು, ಪರದೆ ತೆರೆದ ಹೊತ್ತು. ಗುಂಡನೆಯ ಅಕ್ಷರ, ಒಂದೂ ತಿದ್ದಿಲ್ಲ. ಪುಟ ತಿರುವುತ್ತ ಹೋದೆ. ಹದಿನೆಂಟು ನಿಮಿಷ. ಹದಿನೆಂಟು. ಹದಿನೆಂಟು. ಒಂದು ದಿನ ಹತ್ತೊಂಬತ್ತು. ಮತ್ತೆ ಹದಿನೆಂಟು. ಮಳೆಗಾಲದಲ್ಲಿ ಹದಿನೆಂಟು, ಹಬ್ಬದ ಮರುದಿನ ಹದಿನೆಂಟು, ಅರ್ಧ ಕಚೇರಿ ರಜೆಯಲ್ಲಿದ್ದ ದಿನವೂ ಹದಿನೆಂಟು.

ಲೈನು ನಿಧಾನವಾದರೆ ಒಂದು ದಿನ ಐದು ನಿಮಿಷ, ಇನ್ನೊಂದು ದಿನ ಮೂವತ್ತು ಆಗಬೇಕು. ಯಂತ್ರ ಹಳೆಯದಾಗಿದ್ದರೆ ದಿನದಿಂದ ದಿನಕ್ಕೆ ಹೆಚ್ಚಬೇಕು. ದಿನವೂ ಒಂದೇ ಅಳತೆ ಎಂದರೆ ಅದು ನಿಧಾನವಲ್ಲ. ಯಾರೋ ಆ ಯಂತ್ರಕ್ಕೆ ಇಷ್ಟು ಹೊತ್ತು ಕಾಯಿ ಎಂದು ಹೇಳಿಟ್ಟಿದ್ದಾರೆ. ಕಾಲೇಜಿನಲ್ಲಿ ಡಿಪ್ಲೊಮಾ ಓದಿದ ನನಗೆ ಎರಡು ವರ್ಷದಲ್ಲಿ ಹೊಳೆಯದ ಮಾತನ್ನು ಈ ಅಕ್ಕನ ನೋಟ್‌ಬುಕ್ಕು ಹೇಳುತ್ತಿತ್ತು.

ಕಂಪ್ಯೂಟರಿನ ಹಿಂದಿನ ನೀಲಿ ಕೇಬಲ್ ಕಿತ್ತೆ. "ಈಗ ಮತ್ತ ಲಾಗಿನ್ ಮಾಡ್ರಿ ಅಕ್ಕಾರ," ಎಂದೆ. ಪಾಸ್‌ವರ್ಡು ಹಾಕಿ ಅವರು ನೋಟ್‌ಬುಕ್ಕಿಗೆ ಕೈ ಹಾಕುವಷ್ಟರಲ್ಲಿ ಪರದೆ ತೆರೆದುಕೊಂಡಿತು.

"ಅಯ್ಯ!" ಎಂದು ಕುರ್ಚಿಯಿಂದ ಅರ್ಧ ಎದ್ದರು. ಅಕ್ಕಪಕ್ಕದವರೂ ಓಡಿಬಂದರು. ಯಾದಗಿರಿಯ ಸಂಪರ್ಕ ಕಡಿದರೆ ಯಂತ್ರ ಒಂದೇ ಕ್ಷಣದಲ್ಲಿ ತೆರೆಯುತ್ತದೆ. ಹಿಂದೆ ಒಪ್ಪಿಗೆ ಪಡೆದ ಪಾಸ್‌ವರ್ಡು ಯಂತ್ರದೊಳಗೂ ಉಳಿದಿರುತ್ತದೆ, ಸಂಪರ್ಕವಿಲ್ಲದಾಗ ಅದನ್ನೇ ನೋಡಿ ಒಳಬಿಡುತ್ತದೆ. ಅಂದರೆ ಯಂತ್ರ ನೆಟ್ಟಗಿದೆ. ಅದನ್ನು ಹಿಡಿದು ನಿಲ್ಲಿಸುತ್ತಿದ್ದುದು ಯಾದಗಿರಿಯೇ.

ಕೇಬಲ್ ಮತ್ತೆ ಹಾಕಿ, ನನ್ನ ಲ್ಯಾಪ್‌ಟಾಪಿನಿಂದ ಸರ್ವರ್ ಒಳಗೆ ಹೋದೆ. ಲಾಗಿನ್ ಆಗುವಾಗ ಪ್ರತಿ ಯಂತ್ರವೂ ಓದಿ ಪಾಲಿಸಬೇಕಾದ ಆಜ್ಞೆಗಳ ಪಟ್ಟಿಯೊಂದಿರುತ್ತದೆ; ಸ್ಕ್ರಿಪ್ಟ್ ಎನ್ನುತ್ತಾರೆ. ತಾಲೂಕು ಶಾಖೆಗಳ ಸ್ಕ್ರಿಪ್ಟ್ ತೆರೆದೆ. ಮೇಲಿನಿಂದ ಏಳನೆಯ ಸಾಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡದ ಒಂದು ಟಿಪ್ಪಣಿ ಇತ್ತು: "ಸದ್ಯಕ್ಕೆ ಇರಲಿ. ಆಮೇಲೆ ತೆಗೆಯಬೇಕು." ಅದರ ಮುಂದೆ ನನ್ನ ಹೆಸರಿನ ಮೊದಲ ಅಕ್ಷರ.

ಅದನ್ನು ನಾನು ಎಷ್ಟು ಸಲ ಓದಿದೆನೋ. ಸುತ್ತಲಿನ ಮಾತು ಕೇಳಿಸುತ್ತಿರಲಿಲ್ಲ. ಫ್ಯಾನಿನ ಸದ್ದೂ ಕೇಳಿಸುತ್ತಿರಲಿಲ್ಲ.

ನೆನಪಾಯಿತು. ಕೆಲಸಕ್ಕೆ ಸೇರಿದ ಹೊಸತು. ಆಗ ಯಾದಗಿರಿಯಲ್ಲಿ ಇದ್ದದ್ದು ಹಳೆಯ ಸರ್ವರ್. ಕರೆಂಟು ಹೋಗಿ ಬಂದರೆ ಅದು ಎದ್ದು ಕೂರಲು ಎರಡು ಮೂರು ನಿಮಿಷ ಬೇಕು. ಅಷ್ಟರಲ್ಲಿ ಶಾಖೆಯವರು ಲಾಗಿನ್ ಮಾಡಿದರೆ ಅವರ ಕಡತಗಳೇ ಕಾಣಿಸುತ್ತಿರಲಿಲ್ಲ. ದಿನಾ ಗಲಾಟೆ. ಅದಕ್ಕೆ ನಾನು ಒಂದು ಉಪಾಯ ಮಾಡಿದ್ದೆ. ಸರ್ವರ್‌ನ ಆರು ಫೋಲ್ಡರುಗಳನ್ನು ಒಂದೊಂದಾಗಿ ಹುಡುಕು, ಸಿಗದಿದ್ದರೆ ಒಂದೊಂದಕ್ಕೂ ಮೂರು ನಿಮಿಷ ಕಾಯಿ ಎಂದು ಬರೆದಿದ್ದೆ. ಎಲ್ಲರೂ ಶಹಬ್ಬಾಸ್ ಎಂದಿದ್ದರು. ಮುಂದೆ ಹೊಸ ಸರ್ವರ್ ಬಂತು. ಯಾದಗಿರಿಯ ಯಂತ್ರಗಳಿಗೆ ಹೊಸ ಪಟ್ಟಿ ಬರೆದೆ. ತಾಲೂಕುಗಳ ಪಟ್ಟಿಗೆ ಹೊಸ ಸಾಲುಗಳನ್ನು ಕೆಳಗೆ ಸೇರಿಸಿದೆ, ಮೇಲಿನ ಹಳೆಯದನ್ನು ತೆಗೆಯಲು ಮರೆತೆ. ಹಳೆಯ ಸರ್ವರನ್ನು ಬಿಚ್ಚಿಸಿ ಮೆಟ್ಟಿಲ ಕೆಳಗೆ ಇಡಿಸಿದವಳೂ ನಾನೇ. ಅಂದಿನಿಂದ ಮೂರು ಊರಿನ ಪ್ರತಿಯೊಂದು ಯಂತ್ರವೂ ದಿನಾ ಬೆಳಿಗ್ಗೆ, ಮೆಟ್ಟಿಲ ಕೆಳಗೆ ಧೂಳು ಹಿಡಿದು ಬಿದ್ದ ಪೆಟ್ಟಿಗೆಯೊಂದನ್ನು ಆರು ಸಲ ಹುಡುಕಿ, ಆರು ಸಲ ಮೂರು ಮೂರು ನಿಮಿಷ ಕಾದು, ನಿರಾಸೆಯಾದ ಮೇಲೆ ಮುಂದೆ ಹೋಗುತ್ತಿತ್ತು.

ಎಷ್ಟು ಜನ, ಎಷ್ಟು ದಿನ ಎಂದು ಮನಸ್ಸು ಗುಣಿಸತೊಡಗಿತು. ಶಹಾಪುರದ ಬಾಗಿಲ ಬಳಿ ಕುಳಿತ ಮುದುಕಿ ಕಣ್ಣ ಮುಂದೆ ಬಂದಾಗ ಗುಣಿಸುವುದನ್ನು ನಿಲ್ಲಿಸಿದೆ.

ಆ ಹಳೆಯ ಸಾಲುಗಳನ್ನು ಅಳಿಸಿದೆ. "ಈಗ ನೋಡ್ರಿ," ಎಂದೆ. ಕೇಬಲ್ ಹಾಕಿಯೇ ಇತ್ತು. ಯಂತ್ರ ಆರಿಸಿ, ಮತ್ತೆ ಹಚ್ಚಿ, ಅವರು ಪಾಸ್‌ವರ್ಡು ಹಾಕಿದರು. ನಲವತ್ತು ಎಣಿಸುವಷ್ಟರಲ್ಲಿ ತೆರೆಯಿತು.

ಕಚೇರಿಯವರು ಚಪ್ಪಾಳೆ ತಟ್ಟಿದರು. "ಏನ್ ಮಾಡಿದ್ರಿ ಮೇಡಂ? ಜಾದೂ ಮಾಡಿದ್ರೇನ್ರಿ?" ಎಂದು ಒಬ್ಬರು. ಆ ಅಕ್ಕ ನೋಟ್‌ಬುಕ್ಕಿನಲ್ಲಿ ಆ ಹೊತ್ತನ್ನೂ ಬರೆದರು. ಅವರ ಕಣ್ಣಲ್ಲಿ ನೀರಿತ್ತು. "ನಾ ಸುಳ್ಳ ಹೇಳ್ಲಿಲ್ಲಂತ ಈಗಾರ ಗೊತ್ತಾತಲ್ಲ," ಎಂದಷ್ಟೇ ಅಂದರು.

ಮಧ್ಯಾಹ್ನ ಬಿಡದೆ ಕೂರಿಸಿಕೊಂಡು ತಮ್ಮ ಡಬ್ಬಿಯ ಊಟ ಹಾಕಿದರು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. "ಉಣ್ರಿ ತಂಗಿ, ನಾಚ್ಕೋಬ್ಯಾಡ್ರಿ," ಎಂದು ಅವರು ಇನ್ನೊಂದು ರೊಟ್ಟಿ ಇಟ್ಟರು. ಆ ದಿನ ನಾನು ಹೇಳಲಿಲ್ಲ. ಅವರ ರೊಟ್ಟಿ ತಿಂದು, ಹೊಗಳಿಕೆ ಕೇಳಿಸಿಕೊಂಡು, ನೋಟ್‌ಬುಕ್ಕಿನ ಪುಟಗಳ ಫೋಟೊ ತೆಗೆದುಕೊಂಡು ಬಸ್ಸು ಹತ್ತಿದೆ. ಯಾದಗಿರಿವರೆಗೂ ಕಿಟಕಿಯ ಸರಳು ಹಿಡಿದು ಕೂತಿದ್ದೆ. ಇಳಿದಾಗ ಅಂಗೈ ಕೆಂಪಾಗಿತ್ತು.

ಮರುದಿನ ಸಾಹೇಬರ ಕೋಣೆಗೆ ಹೋದಾಗ ಅವರು ಖುಷಿಯಲ್ಲಿದ್ದರು. ಶಾಖೆಗಳಿಂದ ಆಗಲೇ ಫೋನು ಬಂದಿತ್ತು. "ಭೇಷ್ ಮಾಡಿದ್ರಿ. ತಾಂತ್ರಿಕ ದೋಷ ಇತ್ತು, ಸರಿಪಡಿಸಲಾಗಿದೆ ಅಂತ ಎರಡು ಸಾಲು ಬರ್ದು ಕೊಡ್ರಿ. ಮ್ಯಾಲ ಕಳಿಸ್ತೀನಿ."

"ದೋಷ ನಂದs ರಿ ಸಾಹೇಬ್ರ," ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಕುಳಿತು ಎಲ್ಲವನ್ನೂ ಹೇಳಿದೆ. ಸ್ಕ್ರಿಪ್ಟು, ಆರು ಸಲ ಮೂರು ನಿಮಿಷ, ಮೆಟ್ಟಿಲ ಕೆಳಗಿನ ಪೆಟ್ಟಿಗೆ, ನೋಡದೆ ಬರೆದುಕೊಟ್ಟ ಎರಡು ಸಾಲು. ಅವರ ಮುಖದ ಬಣ್ಣ ಇಳಿಯುತ್ತ ಹೋಯಿತು. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು.

"ಇದನ್ನೆಲ್ಲಾ ಬರೀಬ್ಯಾಡ್ರಿ. ನಿಮ್ಮ ಗುತ್ತಿಗಿ ಮುಂದಿನ ತಿಂಗಳ ಮುಗೀತದ, ಗೊತ್ತದ ಇಲ್ಲೊ? ಆ ನೋಟಿಸ್ ಮ್ಯಾಲ ನನ್ನ ಸಹಿ ಅದ. ಸುಮ್ನ ರಾಡಿ ಯಾಕ?"

"ಆ ಅಕ್ಕಾರಿಗೆ ಮೂರು ನೋಟಿಸ್ ಹೋಗ್ಯಾವ್ರಿ."

ಅವರು ಮೇಜಿನ ಮೇಲಿನ ಪೇಪರ್‌ವೇಟನ್ನು ಆಚೆ ಈಚೆ ಸರಿಸಿದರು. "ನೋಟಿಸ್ ಅಷ್ಟs ಅಲ್ಲ," ಎಂದರು ದನಿ ತಗ್ಗಿಸಿ. "ಇವತ್ತ ಮುಂಜಾನಿ ಅವರ ವರ್ಗಾ ಆರ್ಡರ್ ಹೋತು. ಗುರುಮಠಕಲ್‌ಗೆ."

ಹಿಂದಿನ ದಿನ ಮಧ್ಯಾಹ್ನ, ಅವರ ರೊಟ್ಟಿ ನನ್ನ ಕೈಯಲ್ಲಿದ್ದಾಗ ಒಂದು ಫೋನು ಮಾಡಿದ್ದರೆ ಆ ಕಾಗದ ಹೊರಡುತ್ತಿರಲಿಲ್ಲ. ಒಂದು ದಿನದ ನನ್ನ ನಾಚಿಕೆಗೆ ಅಷ್ಟು ದೊಡ್ಡ ಬೆಲೆ ಇರಬಹುದು ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಸುರಪುರದಿಂದ ಗುರುಮಠಕಲ್ ಎಂದರೆ ಶಹಾಪುರ ದಾಟಿ, ಯಾದಗಿರಿ ದಾಟಿ, ತೆಲಂಗಾಣದ ಗಡಿಯ ಹತ್ತಿರ. ದಿನಾ ಹೋಗಿ ಬರುವ ದಾರಿಯಲ್ಲ.

"ವಾಪಸ್ ತರಸ್ರಿ ಸಾಹೇಬ್ರ."

"ಹೋದ ಆರ್ಡರ್ ಸುಮ್ನ ವಾಪಸ್ ಬರೂದಿಲ್ಲವ್ವ. ಕಾರಣ ಬೇಕು."

"ಕಾರಣ ನಾ ಬರ್ಕೊಡ್ತೀನ್ರಿ," ಎಂದೆ.

ನನ್ನ ಕುರ್ಚಿಗೆ ಬಂದು ಬರೆದೆ. ಧೈರ್ಯ ಬಂದು ಬರೆದೆನೆಂದು ಹೇಳಲಾರೆ. ಗುತ್ತಿಗೆ ಹೋದರೆ ಮನೆಯಲ್ಲಿ ಏನು ಹೇಳುವುದೆಂಬ ಅಂಜಿಕೆ ಇದ್ದೇ ಇತ್ತು. ಆದರೂ ನನ್ನ ಎರಡು ಸಾಲಿನ ಹಳೆಯ ವರದಿ ತಪ್ಪು, ಸ್ಥಳಕ್ಕೆ ಹೋಗದೆ ಬರೆದದ್ದು, ವಿಳಂಬಕ್ಕೆ ನಾನು ಬರೆದ ಸ್ಕ್ರಿಪ್ಟೇ ಕಾರಣ ಎಂದು ಬರೆದು, ನೋಟ್‌ಬುಕ್ಕಿನ ಪುಟಗಳನ್ನು ಮುದ್ರಿಸಿ ಲಗತ್ತಿಸಿದೆ. ಸ್ವೀಕೃತಿಯ ಮೊಹರು ಹಾಕಿಸಿಕೊಂಡೆ. ಸಾಹೇಬರು ಅದನ್ನು ಓದಿ, ನನ್ನ ಕಡೆ ನೋಡದೆ, "ನೀವ ಮಾಡ್ಕೊಂಡ್ರಿ," ಎಂದರು. ಆದರೆ ಕಾಗದವನ್ನು ತಡೆಹಿಡಿಯಲಿಲ್ಲ. ಮೇಲಕ್ಕೆ ಕಳಿಸಿದರು. ಆ ಮಟ್ಟಿಗೆ ಅವರನ್ನು ನಾನು ದೂರಲಾರೆ.

ಅದೇ ಮಧ್ಯಾಹ್ನ ಸುರಪುರಕ್ಕೆ ಹೋದೆ. ಅಕ್ಕ ಮೇಜಿನ ಖಾನೆ ಖಾಲಿ ಮಾಡುತ್ತಿದ್ದರು. ಆರ್ಡರು ಅವರ ಕೈ ಸೇರಿತ್ತು. ನನ್ನನ್ನು ನೋಡಿ ನಗಲು ಪ್ರಯತ್ನಿಸಿದರು.

"ನೋಡ್ರಿ ತಂಗಿ, ನೀವ ರಿಪೇರಿ ಮಾಡಿದ್ರಿ, ಅವ್ರ ನನ್ನನ್ನ ಕಳಿಸಿದ್ರು."

ನಾನು ನಿಂತೇ ಹೇಳಿದೆ. ಕೂತರೆ ಮತ್ತೆ ಹೇಳಲಾರೆನೇನೋ ಎಂಬ ಭಯ. ಅವರು ಕೈಯಲ್ಲಿದ್ದ ಫೈಲನ್ನು ಮೇಜಿನ ಮೇಲಿಟ್ಟು, ಕಣ್ಣು ಕದಲಿಸದೆ ಕೇಳಿದರು.

"ನಾ ಎಷ್ಟೋ ಸಲ ಯಾದಗಿರಿಗೆ ಫೋನ್ ಮಾಡೀನಿ," ಎಂದರು. "ಒಬ್ಬ ಹೆಣ್ಮಗಳು ಎತ್ತತಿದ್ಲು. ಲೈನ್ ಸ್ಲೋ ಅದ, ತಡೀರಿ ಅಂತಿದ್ಲು. ಆಕಿ ನೀವೇನು?"

"ಹೌದ್ರಿ."

"ನಿನ್ನೆನs ದನಿ ಎಲ್ಲೋ ಕೇಳೀನಿ ಅನಸ್ತು." ಅವರ ತುಟಿ ಬಿಗಿಯಿತು. "ಬರ್ದದ್ದು ಮರ್ತಿದ್ದು ಬಿಡ್ರಿ, ಯಾರ ಕೈಲಿ ತಪ್ಪಾಗೂದಿಲ್ಲ? ಖರೆ ನೀವು ನೋಡ್ದs ಹೇಳಿದ್ರಿ. ಎರಡ ವರ್ಷ ನೋಡ್ದs ಹೇಳಿದ್ರಿ. ನಮ್ಮನಿಯವ್ರು ಸೈತ, ಎಲ್ಲಾರ್ದೂ ತೆರೀತದ, ನಿಂದs ಯಾಕ ತೆರ್ಯೂದಿಲ್ಲ ಅಂತ ಕೇಳಿದ್ರು ನನಗ."

ನಾನು ತಪ್ಪಾಯಿತೆಂದೆ. ಅದು ನನ್ನ ಕಿವಿಗೇ ಹಗುರಾಗಿ ಕೇಳಿಸಿತು.

"ಇವತ್ತ ನೀವು ಹೋಗ್ರಿ," ಎಂದರು. ಬೈಗುಳವಿಲ್ಲ, ಏರಿದ ದನಿಯೂ ಇಲ್ಲ. ಮತ್ತೆ ಖಾನೆಯ ಕಡೆ ತಿರುಗಿದರು. ಹಿಂದಿನ ದಿನ ಇದೇ ಮೇಜಿನ ಮುಂದೆ ತಂಗಿ ಎಂದು ಕರೆದು ಉಣಿಸಿದವರು. ನಾನು ಮೆಟ್ಟಿಲಿಳಿದು ಬಸ್‌ಸ್ಟ್ಯಾಂಡಿನವರೆಗೆ ಹೇಗೆ ನಡೆದೆನೋ ತಿಳಿಯದು. ಎರಡು ಬಸ್ಸು ಕಣ್ಣೆದುರೇ ಹೋದ ಮೇಲೆ ಹತ್ತಬೇಕಿತ್ತೆಂದು ಗೊತ್ತಾಯಿತು.

ಆರ್ಡರು ಹಿಂದೆ ಬರಲು ಸುಮಾರು ಎರಡು ತಿಂಗಳು ಹಿಡಿಯಿತು. ಅಷ್ಟು ದಿನ ಅಕ್ಕ ಗುರುಮಠಕಲ್‌ನಲ್ಲಿ ಒಂದು ಕೋಣೆ ಹಿಡಿದು ಇದ್ದರು. ಸುತ್ತ ತೆಲುಗಿನ ಮಾತು, ಶನಿವಾರ ಸಂಜೆ ರಂಗಂಪೇಟೆಗೆ, ಸೋಮವಾರ ನಸುಕಿಗೆ ಹಿಂದಕ್ಕೆ. ಅಲ್ಲಿಯ ಹಾಜರಿ ಪಟ್ಟಿಯನ್ನು ನಾನು ದಿನಾ ತೆರೆದು ನೋಡುತ್ತಿದ್ದೆ. ಒಂದು ದಿನವೂ 'ತಡ' ಇರಲಿಲ್ಲ. ಅದರಿಂದ ನನಗೆ ಸಮಾಧಾನವೇನೂ ಆಗುತ್ತಿರಲಿಲ್ಲ. ನನ್ನ ಗುತ್ತಿಗೆ ಮುಂದುವರಿಯಿತು, ಒಂದು ವರ್ಷದ ಬದಲು ಆರೇ ತಿಂಗಳಿಗೆ. ಒಂದು ಎಚ್ಚರಿಕೆಯ ಪತ್ರವೂ ಬಂತು. ಅಕ್ಕನ ಮೂರೂ ನೋಟಿಸುಗಳನ್ನು ಕೈಬಿಡಲಾಗಿದೆ ಎಂಬ ಕಾಗದ ಹೊರಟ ದಿನ, ಅದರ ಪ್ರತಿಯನ್ನು ಟೈಪು ಮಾಡಿದವರ ಕೈಯಿಂದ ಇಸಿದುಕೊಂಡು ನಾನು ನಿಂತಲ್ಲೇ ಮೂರು ಸಲ ಓದಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.

ಆ ಮೇಲಿಂದ ತಿಂಗಳಿಗೊಮ್ಮೆ ಪ್ರತಿ ಶಾಖೆಗೂ ಹೋಗಿ ಬರುವುದನ್ನು ರೂಢಿ ಮಾಡಿಕೊಂಡೆ. ಶಹಾಪುರದಲ್ಲಿ ಕ್ಯಾಲೆಂಡರಿನ ಹಿಂದಿನ ರಟ್ಟು ತೆಗೆಸಿದೆ. ಜವಾನರಿಗೆ ಅದರಿಂದ ಬೇಸರವೇ ಆಯಿತು. ಮುಂಜಾನೆ ಕಚೇರಿ ತಮ್ಮ ಕೈಯಿಂದಲೇ ತೆರೆಯುತ್ತದೆಂಬ ಹೆಮ್ಮೆ ಅವರಿಗಿತ್ತು.

ಮಳೆಗಾಲ ಹಿಡಿದ ಮೇಲೆ ಸುರಪುರಕ್ಕೆ ಹೋದೆ. ಅಕ್ಕ ತಮ್ಮ ಹಳೆಯ ಜಾಗಕ್ಕೆ ಬಂದಿದ್ದರು. ನಾನು ನಮಸ್ಕಾರ ಮಾಡಿದಾಗ ತಲೆಯಾಡಿಸಿದರು. ಉಳಿದವರ ಯಂತ್ರ ನೋಡಿ ಮುಗಿಸಿ ಹೊರಡುವ ಹೊತ್ತಿಗೆ, "ಇಲ್ಲಿ ಬರ್ರಿ ಜರಾ," ಎಂದು ಕರೆದು ಎದುರಿನ ಕುರ್ಚಿ ತೋರಿಸಿದರು. ಒಂದು ಬಿಳಿ ಹಾಳೆ ಮುಂದಿಟ್ಟರು.

"ನಾ ಬಟನ್ ಒತ್ತಿದ ಮ್ಯಾಲ ಒಳಗ ಏನೇನ್ ಆಗ್ತದ, ಒಂದೊಂದs ಬರ್ದು ಕೊಡ್ರಿ. ಕನ್ನಡದಾಗ ಬರೀರಿ. ನಾಳಿ ಮತ್ತ ಯಾರಾರ ಏನಾರ ಹೇಳಿದ್ರ ನನಗ ತಿಳೀಬೇಕು."

ಬರೆದೆ. ಹೆಸರು ಎಲ್ಲಿಗೆ ಹೋಗುತ್ತದೆ, ಯಾರು ಒಪ್ಪುತ್ತಾರೆ, ಪಟ್ಟಿಯಲ್ಲಿ ಯಾವ ಯಾವ ಆಜ್ಞೆ, ಯಾವುದಕ್ಕೆ ಎಷ್ಟು ಹೊತ್ತು ಹಿಡಿಯಬೇಕು, ಹೆಚ್ಚು ಹಿಡಿದರೆ ಎಲ್ಲಿ ನೋಡಬೇಕು. ಅವರು ಕನ್ನಡಕ ಏರಿಸಿ ಸಾಲು ಸಾಲಾಗಿ ಓದಿದರು. ಎರಡು ಕಡೆ ನಿಲ್ಲಿಸಿ, ತಿಳಿಯಲಿಲ್ಲ ಎಂದರು. ಮತ್ತೆ ಬಿಡಿಸಿ ಬರೆದೆ. ಆಮೇಲೆ ಪೆನ್ನು ಕೇಳಿ, 'ಸಂಪರ್ಕ'ದಲ್ಲಿ ನಾನು ಬಿಟ್ಟಿದ್ದ ಸೊನ್ನೆಯನ್ನು ಹಾಕಿದರು.

"ಕೆಳಗ ಸಹಿ ಮಾಡ್ರಿ," ಎಂದರು.

ಮಾಡಿದೆ. ಅವರು ಹಾಳೆಯನ್ನು ಮಡಚಿ ಖಾನೆಯೊಳಗಿಟ್ಟು, ಹೊರಗೆ ಕಾಯುತ್ತಿದ್ದವರಲ್ಲಿ ಮೊದಲಿನವರನ್ನು ಒಳಗೆ ಕರೆದರು.